ಕ್ರಮವಿಧಿಗಳ ಪುನರುಪಯೋಗ: ಅದರ ಪ್ರಯೋಜನ ಮತ್ತು ಮಿತಿ

೧

ಒಮ್ಮೆ ಸಿದ್ಧವಾದುದನ್ನು ಮತ್ತೆ ಸಾಧಿಸಬೇಕಾಗಿಲ್ಲವೆಂಬುದು ಎಲ್ಲ ಶಾಸ್ತ್ರಗಳಿಗೂ ಸಮ್ಮತವಾದ ಮಾತು. ರೇಖಾಗಣಿತದಲ್ಲಿ ಒಂದು ಪ್ರಮೇಯವನ್ನು ಸಾಧಿಸಿದ ಮೇಲೆ ಮುಂದಿನ ಪ್ರಮೇಯಗಳು ಅದನ್ನು ಹೆಸರಿಸಿ ಮುಂದುವರಿಯುತ್ತವೆಯೇ ಹೊರತು ಅದರ ಸಾಧನೆಯನ್ನು ಮೊದಲಿನಿಂದ ಹೇಳುವುದಿಲ್ಲ. ಪಾಣಿನಿಯ ವ್ಯಾಕರಣದಲ್ಲಿ ಒಂದು ಸೂತ್ರದಲ್ಲಿ ಹೇಳಿದ ಪದ ಮುಂದಿನ ಸೂತ್ರಗಳಿಗೆ ಅನುವೃತ್ತಿಯಿಂದ ಬರುತ್ತದೆ. ಆ ಗ್ರಂಥದ ಲಾಘವಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಆದರೆ ಯಾವ ಪದದ ಅನುವೃತ್ತಿ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿವೃತ್ತಿಯಾಗುತ್ತದೆ ಎಂಬುದನ್ನು ನಿರ್ಣಯಿಸಲು ವ್ಯಾಖ್ಯಾನಕಾರರು ಎಷ್ಟು ಶ್ರಮಪಟ್ಟಿದ್ದಾರೆಂಬುದನ್ನು ಆ ಶಾಸ್ತ್ರವನ್ನು ಓದಿದವರು ಬಲ್ಲರು. ಹಿಂದಿನದನ್ನು ತಂದುಕೊಳ್ಳುವುದು ಸುಲಭ. ಅದು ಸಲ್ಲುವ ಎಲ್ಲೆಯನ್ನು ಅರಿಯುವುದು ಕಷ್ಟ.

ಗಣಕಯಂತ್ರಗಳಿಗೆ ಕ್ರಮವಿಧಿಗಳನ್ನು, ಎಂದರೆ ವಾಡಿಕೆಯ ಮಾತಿನ ಪ್ರೋಗ್ರಾಂಗಳನ್ನು, ರಚಿಸುವ ವಿದ್ಯೆಯಲ್ಲಿಯೂ ಈ ಲಾಘವ ಮತ್ತು ಈ ಕಷ್ಟ ಎರಡೂ ಮೊದಲಿನಿಂದ ಜೊತೆಯಾಗಿಯೇ ಬಂದಿವೆ. ಒಂದು ಕಾರ್ಯಕ್ಕೆಂದು ಬರೆದ ಕ್ರಮವಿಧಿಯನ್ನೋ ಅದರ ಒಂದು ಭಾಗವನ್ನೋ ಮತ್ತೊಂದು ಕಾರ್ಯಕ್ಕೆ ತೆಗೆದುಕೊಳ್ಳುವುದನ್ನು ಪ್ರಕೃತ ಲೇಖನದಲ್ಲಿ ಪುನರುಪಯೋಗವೆಂದು ಕರೆದಿದೆ. ಇದು ಮೂರು ಬಗೆಯಾಗಿ ನಡೆಯುತ್ತದೆ. ಹಿಂದೆ ಬರೆದುದನ್ನು ನಕಲು ಮಾಡಿ ಬೇಕಾದಂತೆ ತಿದ್ದಿಕೊಳ್ಳುವುದು ಮೊದಲನೆಯದು. ಭಂಡಾರದಲ್ಲಿಟ್ಟಿರುವ ಉಪವಿಧಿಯನ್ನು ಅದರ ಒಳಗನ್ನು ಮುಟ್ಟದೆ ಹೆಸರು ಹೇಳಿ ಕರೆಯುವುದು ಎರಡನೆಯದು. ಒಂದು ಇಡೀ ವ್ಯವಸ್ಥೆಯನ್ನೇ ತಳಹದಿಯಾಗಿ ಸ್ವೀಕರಿಸಿ ಅದರ ಮೇಲೆ ತನ್ನದನ್ನು ಕಟ್ಟುವುದು ಮೂರನೆಯದು. ಇಂದು ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಈ ಮೂರೂ ಬೆರೆತಿರುತ್ತವೆ. ಹೀಗಿರಲು, ಪುನರುಪಯೋಗ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಈಗ ಅರ್ಥವಿಲ್ಲ. ಯಾವ ನಿಬಂಧನೆಗಳಿಗೆ ಒಳಪಟ್ಟು ಅದು ಹಿತಕರ, ಯಾವಾಗ ಅಪಾಯಕರ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

೨

ಈ ಪದ್ಧತಿ ಗಣಕಯಂತ್ರದಷ್ಟೇ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಎಡ್‌ಸ್ಯಾಕ್ ಎಂಬ ಯಂತ್ರ ೧೯೪೯ರ ಮೇ ತಿಂಗಳಲ್ಲಿ ಕೆಲಸವನ್ನಾರಂಭಿಸಿತು. ವರ್ಗಮೂಲ, ತ್ರಿಕೋಣಮಿತಿಯ ಫಲನಗಳು, ಅನುಕಲನ, ಫಲಿತಾಂಶದ ಮುದ್ರಣ ಮೊದಲಾದ ಕಾರ್ಯಗಳು ಪ್ರತಿಯೊಂದು ಲೆಕ್ಕದಲ್ಲಿಯೂ ಬರುವುದನ್ನು ಕಂಡು ಅಲ್ಲಿನವರು ಅವುಗಳಿಗೆ ಉಪವಿಧಿಗಳನ್ನು ಬರೆದು, ರಂಧ್ರಗಳನ್ನು ಕೊರೆದ ಕಾಗದದ ಪಟ್ಟಿಗಳ ರೂಪದಲ್ಲಿ ಬೀರುವಿನಲ್ಲಿ ಜೋಡಿಸಿಟ್ಟರು. ಬೇಕಾದವರು ಪಟ್ಟಿಯನ್ನು ತೆಗೆದು, ಯಂತ್ರದ ಸಹಾಯದಿಂದ ತಮ್ಮ ಪಟ್ಟಿಗೆ ಅದರ ಪ್ರತಿಯನ್ನು ಇಳಿಸಿಕೊಳ್ಳುತ್ತಿದ್ದರು. ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಅವರು ಈ ಅನುಭವವನ್ನು ೧೯೫೧ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಆ ವೇಳೆಗೆ ಭಂಡಾರದಲ್ಲಿ ೮೭ ಉಪವಿಧಿಗಳು ಸೇರಿದ್ದುವು. ಕ್ರಮವಿಧಿರಚನೆಯನ್ನು ಕುರಿತ ಮೊದಲ ಗ್ರಂಥವೇ ಪುನರುಪಯೋಗದ ಗ್ರಂಥವಾಗಿತ್ತೆಂಬುದು ಗಮನಾರ್ಹ.

ಉಪವಿಧಿ ತನ್ನ ಕೆಲಸವನ್ನು ಮುಗಿಸಿದ ಮೇಲೆ ಕರೆದವನಲ್ಲಿಗೇ ಹಿಂದಿರುಗಬೇಕಷ್ಟೆ. ಆದರೆ ಅದನ್ನು ಕರೆಯುವವರು ಹಲವರು. ಕರೆಯುವ ಸ್ಥಳವೂ ಪ್ರತಿ ಸಲ ಬೇರೆ. ಹಿಂದಿರುಗಬೇಕಾದ ಸ್ಥಳವನ್ನು ಕರೆಯುವ ಸಮಯದಲ್ಲಿಯೇ ತಿಳಿಸುವ ಉಪಾಯವನ್ನು ಎಡ್‌ಸ್ಯಾಕ್‌ನಲ್ಲಿ ವೀಲರ್ ಅಳವಡಿಸಿದರು. ಇದು ತಾಂತ್ರಿಕವಾದ ಮುನ್ನಡೆ. ಅದಕ್ಕಿಂತಲೂ ಮಹತ್ತ್ವದ ಮಾತೊಂದನ್ನು ೧೯೫೨ರ ತಮ್ಮ ಪ್ರಬಂಧದಲ್ಲಿ ಅವರು ಹೇಳಿದ್ದಾರೆ. ಉಪವಿಧಿಯನ್ನು ಬರೆದು ಪರೀಕ್ಷಿಸಿದರೆ ಕೆಲಸ ಮುಗಿಯಲಿಲ್ಲ; ಅದರ ಒಳರಚನೆಯನ್ನರಿಯದವರೂ ಉಪಯೋಗಿಸಬಲ್ಲಂತೆ ವಿವರಣೆಯನ್ನು ಬರೆಯುವುದು ಇನ್ನೂ ಉಳಿದಿರುತ್ತದೆ, ಪ್ರಾಯಶಃ ಅದೇ ಎಲ್ಲಕ್ಕಿಂತ ಕಠಿನವಾದ ಭಾಗ ಎಂಬುದು ಅದರ ತಾತ್ಪರ್ಯ. ಎಪ್ಪತ್ತು ವರ್ಷಗಳ ತರುವಾಯವೂ ಈ ಅಭಿಪ್ರಾಯವನ್ನು ತಿದ್ದಬೇಕಾದ ಸಂದರ್ಭ ಬಂದಿಲ್ಲ.

೧೯೬೮ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಷ್ ಎಂಬಲ್ಲಿ ತಂತ್ರಾಂಶ ನಿರ್ಮಾಣವನ್ನು ಕುರಿತು ನಡೆದ ಪ್ರಸಿದ್ಧ ಸಮ್ಮೇಳನದಲ್ಲಿ ಡಗ್ಲಸ್ ಮೆಕಿಲ್‌ರಾಯ್ ಅವರು ಒಂದು ಹೆಜ್ಜೆ ಮುಂದೆ ಹೋದರು. ಇತರ ಕೈಗಾರಿಕೆಗಳಲ್ಲಿ ತಿರುಪು, ಕವಾಟ, ಬೇರಿಂಗುಗಳನ್ನು ಅಳತೆ ಹೇಳಿ ಕೊಂಡುಕೊಳ್ಳುವಂತೆ, ತಂತ್ರಾಂಶದ ಘಟಕಗಳನ್ನೂ ನಿಖರತೆ, ವೇಗ, ದೃಢತೆಗಳ ದರ್ಜೆಗನುಸಾರವಾಗಿ ಪಟ್ಟಿಮಾಡಿದ ಸೂಚಿಯಿಂದ ಆರಿಸಿಕೊಳ್ಳುವಂತಾಗಬೇಕೆಂದು ಅವರು ಪ್ರತಿಪಾದಿಸಿದರು. ಅವರ ಆಶಯದ ಅರ್ಧಭಾಗ ಇಂದು ನೆರವೇರಿದೆ. ಘಟಕಗಳು ಲಕ್ಷಗಟ್ಟಲೆಯಾಗಿ, ಬಹುಮಟ್ಟಿಗೆ ಬೆಲೆಯಿಲ್ಲದೆಯೇ ದೊರೆಯುತ್ತವೆ. ಆದರೆ ದರ್ಜೆಯನ್ನು ತಿಳಿಸುವ ಸೂಚಿ ಮಾತ್ರ ಅಪರೂಪವಾಗಿಯೇ ಉಳಿದಿದೆ.

೩

ಪುನರುಪಯೋಗದ ಪ್ರಯೋಜನಗಳಲ್ಲಿ ಕಾಲ ಮತ್ತು ಶ್ರಮದ ಉಳಿತಾಯ ಎಲ್ಲರ ಕಣ್ಣಿಗೂ ಬೀಳುವುದು; ಆದರೆ ಅದೇ ಶ್ರೇಷ್ಠವಾದುದೆಂದು ಹೇಳಲಾಗದು. ಅದಕ್ಕಿಂತ ಹೆಚ್ಚಿನದು ಪರಿಣತಿಯ ವಿತರಣೆ. ರೇಖೀಯ ಸಮೀಕರಣಗಳನ್ನು ಬಿಡಿಸುವ ಕ್ರಮವಿಧಿಯನ್ನು ಪದವಿಯ ವಿದ್ಯಾರ್ಥಿಯೊಬ್ಬನು ಒಂದು ಸಂಜೆಯಲ್ಲಿ ಬರೆಯಬಲ್ಲನು. ಆದರೆ ಬಿಡಿಸುವಾಗ ಉಂಟಾಗುವ ಅಂಕಿಗಳ ಕಡಿತದಿಂದ ಉತ್ತರ ಎಷ್ಟು ಕೆಡುತ್ತದೆಂಬುದನ್ನು ಅರಿತು ಬರೆಯುವುದಕ್ಕೆ ಸಂಖ್ಯಾತ್ಮಕ ವಿಶ್ಲೇಷಣೆಯ ಆಳವಾದ ಅಭ್ಯಾಸ ಬೇಕು. ಅಮೆರಿಕದ ವಿದ್ವಾಂಸರು ೧೯೭೯ರಲ್ಲಿ ಲಿನ್‌ಪ್ಯಾಕ್ ಎಂಬ ಸಂಗ್ರಹವನ್ನೂ, ೧೯೯೨ರಲ್ಲಿ ಅದರ ಉತ್ತರಾಧಿಕಾರಿಯಾದ ಲ್ಯಾಪ್ಯಾಕ್ ಎಂಬುದನ್ನೂ ಹೊರತಂದರು. ಅಂದಿನಿಂದ ಆ ಪರಿಣತಿ ಅದನ್ನು ಪಡೆಯದವರ ಕೈಗೂ ಎಟುಕಿತು. ಇಂದು ಪೈಥಾನ್ ಭಾಷೆಯಲ್ಲಿ ಒಂದೇ ಸಾಲು ಬರೆದು ಸಮೀಕರಣಗಳನ್ನು ಬಿಡಿಸುವವರು ಬಹುಪಾಲು ಈ ಲ್ಯಾಪ್ಯಾಕ್ ಸಂಗ್ರಹವನ್ನೇ, ಅದರ ಹೆಸರನ್ನರಿಯದೆ, ಉಪಯೋಗಿಸುತ್ತಿದ್ದಾರೆ.

ಇನ್ನೊಂದು ಪ್ರಯೋಜನ ಪರಿಷ್ಕರಣದ್ದು. ಒಂದು ವಿಧಿಯನ್ನು ಸಾವಿರ ಮಂದಿ ಉಪಯೋಗಿಸಿದರೆ ಅದು ಸಾವಿರ ಬಗೆಯಲ್ಲಿ ಪರೀಕ್ಷಿತವಾಗುತ್ತದೆ; ದೋಷ ಸಿಕ್ಕಿದಾಗ ಒಂದೆಡೆ ತಿದ್ದಿದರೆ ಎಲ್ಲರಿಗೂ ತಿದ್ದಿದಂತಾಗುತ್ತದೆ. ಇದಕ್ಕೆ ಜಾವಾ ಭಾಷೆಯ ಭಂಡಾರದಲ್ಲಿದ್ದ ದ್ವಿಭಾಜನ ಶೋಧವಿಧಿ ಒಳ್ಳೆಯ ನಿದರ್ಶನ. ಅಕಾರಾದಿಯಾಗಿ ಜೋಡಿಸಿದ ಪಟ್ಟಿಯ ನಡುವಿನ ನಮೂದನ್ನು ನೋಡಿ, ಬೇಕಾದುದು ಹಿಂದಿದೆಯೋ ಮುಂದಿದೆಯೋ ನಿರ್ಣಯಿಸಿ, ಪ್ರತಿ ಸಲವೂ ಅರ್ಧವನ್ನು ಬಿಡುತ್ತ ಹೋಗುವ ಕ್ರಮವದು. ನಡುವಿನ ಸ್ಥಾನವನ್ನು ತಿಳಿಯಲು ಕೆಳಮಿತಿ ಮೇಲ್ಮಿತಿಗಳನ್ನು ಕೂಡಿಸಿ ಎರಡರಿಂದ ಭಾಗಿಸುತ್ತಿದ್ದರು. ಗಣಿತದ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ೩೨ ಬಿಟ್‌ಗಳ ಪೂರ್ಣಾಂಕ ೨೧೪,೭೪,೮೩,೬೪೭ನ್ನು ಮೀರುವಂತಿಲ್ಲ. ಪಟ್ಟಿಯಲ್ಲಿ ಸುಮಾರು ೧೦೭ ಕೋಟಿಗಿಂತ ಹೆಚ್ಚು ನಮೂದುಗಳಿದ್ದರೆ ಎರಡು ಮಿತಿಗಳ ಮೊತ್ತ ಈ ಎಲ್ಲೆಯನ್ನು ದಾಟಿ ಋಣಸಂಖ್ಯೆಯಾಗಿಬಿಡಬಹುದು. ಆ ವಿಧಿಯನ್ನು ಬರೆದಿದ್ದ ಜೋಷುವಾ ಬ್ಲಾಕ್ ಅವರೇ ೨೦೦೬ರಲ್ಲಿ ಈ ದೋಷವನ್ನು ಪ್ರಕಟಿಸಿದರು. ಸುಮಾರು ಒಂಬತ್ತು ವರ್ಷ ಅದು ಯಾರಿಗೂ ಕಾಣದೆ ಭಂಡಾರದಲ್ಲಿತ್ತು. ಜಾನ್ ಬೆಂಟ್ಲಿಯವರ ೧೯೮೬ರ ಪ್ರಸಿದ್ಧ ಗ್ರಂಥದಲ್ಲಿಯೂ ಅದೇ ಕ್ರಮವಿತ್ತು. ಕೆಳಮಿತಿಗೆ ಎರಡು ಮಿತಿಗಳ ವ್ಯತ್ಯಾಸದ ಅರ್ಧವನ್ನು ಕೂಡಿಸಿದರೆ ದೋಷ ಪರಿಹಾರವಾಗುತ್ತದೆ. ಭಂಡಾರದಲ್ಲಿ ಒಂದು ಸಾಲನ್ನು ತಿದ್ದಿದೊಡನೆ ಅದನ್ನು ಕರೆಯುತ್ತಿದ್ದ ಕ್ರಮವಿಧಿಗಳೆಲ್ಲಕ್ಕೂ ಹೊಸ ಆವೃತ್ತಿಯೊಡನೆ ಶುದ್ಧಿ ದೊರೆಯಿತು. ಅದೇ ಗ್ರಂಥಗಳಿಂದ ನಕಲು ಮಾಡಿಕೊಂಡವರ ಪ್ರತಿಗಳು ಮಾತ್ರ ಎಲ್ಲಿದ್ದುವೋ ಅಲ್ಲಿಯೇ ಹಾಗೆಯೇ ಉಳಿದುವು. ಕರೆಯುವುದಕ್ಕೂ ನಕಲು ಮಾಡುವುದಕ್ಕೂ ಇರುವ ವ್ಯತ್ಯಾಸ ಇದು.

ಈ ನಿದರ್ಶನದಲ್ಲಿ ಮತ್ತೊಂದು ಅಂಶವೂ ಅಡಗಿದೆ. ಪಟ್ಟಿಗಳು ಚಿಕ್ಕವಾಗಿದ್ದ ಕಾಲದಲ್ಲಿ ಆ ವಿಧಿ ನಿರ್ದುಷ್ಟವಾಗಿಯೇ ನಡೆಯುತ್ತಿತ್ತು. ವಿಧಿ ಬದಲಾಗಲಿಲ್ಲ, ಅದರ ಸುತ್ತಲಿನ ಲೋಕ ಬದಲಾಯಿತು. ಪುನರುಪಯೋಗದ ಮಿತಿಗಳ ವಿಚಾರ ಇಲ್ಲಿಂದಲೇ ಆರಂಭವಾಗಬೇಕು.

೪

ನಮ್ಮ ತರ್ಕಶಾಸ್ತ್ರದಲ್ಲಿ ಉಪಾಧಿಯೆಂಬ ಪರಿಕಲ್ಪನೆಯುಂಟು. ಹೊಗೆಯಿರುವೆಡೆಯಲ್ಲಿ ಬೆಂಕಿಯಿದೆಯೆಂಬುದು ಸರಿಯಾದ ವ್ಯಾಪ್ತಿ. ಬೆಂಕಿಯಿರುವೆಡೆಯಲ್ಲೆಲ್ಲ ಹೊಗೆಯಿದೆಯೆಂಬುದು ಸರಿಯಲ್ಲ. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆಯ ಸಂಬಂಧವಿದ್ದರೆ ಮಾತ್ರ ಹೊಗೆಯೇಳುತ್ತದೆ. ಆ ಹಸಿಸೌದೆಯ ಸಂಬಂಧವೇ ಇಲ್ಲಿ ಉಪಾಧಿ. ಅಡುಗೆಮನೆಯನ್ನು ಮಾತ್ರ ನೋಡಿದವನಿಗೆ ಉಪಾಧಿ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಅದು ಯಾವಾಗಲೂ ಇರುತ್ತದೆ.

ಕ್ರಮವಿಧಿಯ ಶುದ್ಧತೆಯೂ ಇಂಥದೇ. ‘ಈ ವಿಧಿ ಸರಿಯಾಗಿದೆ’ ಎಂಬ ಹೇಳಿಕೆಯಲ್ಲಿ ‘ಇಂಥ ದತ್ತಾಂಶಕ್ಕೆ, ಇಂಥ ಯಂತ್ರದಲ್ಲಿ, ಇಂಥ ಸನ್ನಿವೇಶದಲ್ಲಿ’ ಎಂಬ ಉಪಾಧಿಗಳು ಗರ್ಭಿತವಾಗಿರುತ್ತವೆ. ಹುಟ್ಟಿದ ಮನೆಯಲ್ಲಿ ಅವು ಸದಾ ಒದಗಿಬರುವುದರಿಂದ ಯಾರೂ ಅವುಗಳನ್ನು ಬರೆದಿಡುವುದಿಲ್ಲ. ಕ್ರಮವಿಧಿಯನ್ನು ಬೇರೆಡೆಗೆ ಒಯ್ದಾಗ ಅಕ್ಷರಗಳೆಲ್ಲವೂ ಜೊತೆಯಲ್ಲಿ ಹೋಗುತ್ತವೆ. ಉಪಾಧಿಗಳು ಹಿಂದೆ ಉಳಿಯುತ್ತವೆ.

ಏರಿಯಾನ್ ೫ ಎಂಬ ಯೂರೋಪಿನ ರಾಕೆಟ್ಟಿನ ಮೊದಲ ಉಡಾವಣೆ ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ. ೧೯೯೬ರ ಜೂನ್ ೪ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಮೇಲೆದ್ದ ಆ ರಾಕೆಟ್ಟು, ನಾಲ್ಕು ಕ್ಲಸ್ಟರ್ ಉಪಗ್ರಹಗಳನ್ನು ಹೊತ್ತು ಸುಮಾರು ೩,೭೦೦ ಮೀಟರ್ ಎತ್ತರದಲ್ಲಿ ದಿಕ್ಕು ತಪ್ಪಿ ಒಡೆದು ಸಿಡಿಯಿತು. ಗಣಿತಜ್ಞರಾದ ಜಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ವಿಚಾರಣಾ ಮಂಡಲಿ ಅದೇ ಜುಲೈ ೧೯ರಂದು ವರದಿಯನ್ನು ಸಲ್ಲಿಸಿತು. ಆ ವರದಿಯ ಸಾರಾಂಶ ಹೀಗಿದೆ.

ರಾಕೆಟ್ಟಿನ ಸ್ಥಿತಿ ಮತ್ತು ಚಲನೆಗಳನ್ನು ಅಳೆಯುವ ಜಡತ್ವ ನಿರ್ದೇಶಕ ಘಟಕದ ತಂತ್ರಾಂಶವನ್ನು ಬಹುಮಟ್ಟಿಗೆ ಏರಿಯಾನ್ ೪ರಿಂದ ಹಾಗೆಯೇ ತೆಗೆದುಕೊಂಡಿದ್ದರು. ಹಿಂದಿನ ರಾಕೆಟ್ಟಿನಲ್ಲಿ ಅದು ಯಶಸ್ವಿಯಾಗಿ ಕೆಲಸ ಮಾಡಿತ್ತು. ಅದರ ಒಂದು ಭಾಗ, ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ಮೌಲ್ಯವನ್ನು ೬೪ ಬಿಟ್‌ಗಳ ದಶಾಂಶರೂಪದಿಂದ ೧೬ ಬಿಟ್‌ಗಳ ಪೂರ್ಣಾಂಕಕ್ಕೆ ಪರಿವರ್ತಿಸುತ್ತಿತ್ತು. ಅಂಥ ಪೂರ್ಣಾಂಕ ೩೨,೭೬೭ನ್ನು ಮೀರಲಾರದು. ಪರಿವರ್ತನೆ ವಿಫಲವಾಗಬಹುದಾದ ಏಳು ಚರಗಳಲ್ಲಿ ನಾಲ್ಕಕ್ಕೆ ರಕ್ಷಣೆಯನ್ನು ಒದಗಿಸಿ ಮೂರನ್ನು ಹಾಗೆಯೇ ಬಿಟ್ಟಿದ್ದರು. ಇದು ಅಲಕ್ಷ್ಯದಿಂದ ಆದುದಲ್ಲ. ಗಣಕದ ಕಾರ್ಯಭಾರ ಶೇಕಡ ೮೦ನ್ನು ಮೀರಬಾರದೆಂಬ ನಿಯಮವಿದ್ದುದರಿಂದ, ಈ ಮೂರು ಚರಗಳು ಭೌತಿಕವಾಗಿಯೇ ಮಿತಿಯೊಳಗಿರುತ್ತವೆಂದು ವಿವೇಚಿಸಿ ಕೈಗೊಂಡ ನಿರ್ಧಾರ. ಏರಿಯಾನ್ ೪ರ ಪಥಕ್ಕೆ ಆ ವಿವೇಚನೆ ಸರಿಯಾಗಿಯೇ ಇತ್ತು. ಏರಿಯಾನ್ ೫ರ ಪಥದಲ್ಲಿ ಅಡ್ಡವೇಗ ಬಹಳ ಬೇಗ ಹೆಚ್ಚುತ್ತದೆ. ನೆಲಬಿಟ್ಟ ಸುಮಾರು ೩೦ ಸೆಕೆಂಡಿನಲ್ಲಿ ಮೌಲ್ಯ ಎಲ್ಲೆಯನ್ನು ದಾಟಿತು, ಘಟಕ ನಿಂತಿತು. ಅದಕ್ಕೆ ಬದಲಿಯಾಗಿದ್ದ ಎರಡನೆಯ ಘಟಕ ಕ್ಷಣಾರ್ಧದ ಮೊದಲೇ ಅದೇ ಕಾರಣದಿಂದ ನಿಂತಿತ್ತು. ನಿಂತ ಘಟಕ ಕಳುಹಿಸಿದ ದೋಷಸೂಚಕ ಸಂಕೇತವನ್ನು ಮುಖ್ಯ ಗಣಕ ಹಾರಾಟದ ಅಂಕಿಗಳೆಂದು ತಿಳಿದು ನಳಿಕೆಗಳನ್ನು ಪೂರ್ಣವಾಗಿ ಹೊರಳಿಸಿತು. ಮುಂದಿನದು ಅನಿವಾರ್ಯವಾಯಿತು.

ಇಲ್ಲಿ ಮೂರು ಸಂಗತಿಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದಾಗಿ, ಉಪಾಧಿಯನ್ನು ಅರಿತವರು ಇದ್ದರು. ಆದರೆ ಅದು ಹೊಸ ರಾಕೆಟ್ಟನ್ನು ನಿರ್ಮಿಸಿದವರ ಕಣ್ಣಿಗೆ ಬೀಳುವಂತೆ ಕ್ರಮವಿಧಿಯ ಜೊತೆಯಲ್ಲಿ ಬರೆದಿರಲಿಲ್ಲ. ಎರಡನೆಯದಾಗಿ, ಆ ಲೆಕ್ಕಕ್ಕೆ ಏರಿಯಾನ್ ೫ರಲ್ಲಿ ನೆಲಬಿಟ್ಟ ಮೇಲೆ ಪ್ರಯೋಜನವೇ ಇರಲಿಲ್ಲ. ಉಡಾವಣೆ ಕಡೆಯ ಗಳಿಗೆಯಲ್ಲಿ ನಿಂತರೆ ಬೇಗ ಪುನರಾರಂಭಿಸಲು ಅನುಕೂಲವಾಗಲೆಂದು ಹಿಂದಿನ ರಾಕೆಟ್ಟುಗಳಲ್ಲಿ ಅದನ್ನು ಕೆಲಕಾಲ ಮುಂದುವರಿಯಗೊಡುತ್ತಿದ್ದರು. ಕಾರಣ ಹೋದರೂ ಕಾರ್ಯ ಉಳಿದುಕೊಂಡಿತು. ಮೂರನೆಯದಾಗಿ, ಒಂದೇ ತಂತ್ರಾಂಶವುಳ್ಳ ಎರಡು ಘಟಕಗಳನ್ನಿಡುವುದು ಯಂತ್ರಭಾಗ ಸವೆದು ಕೆಡುವುದಕ್ಕೆ ಪರಿಹಾರವೇ ಹೊರತು ವಿಚಾರದೋಷಕ್ಕೆ ಪರಿಹಾರವಲ್ಲ. ಒಂದೇ ತಪ್ಪನ್ನು ಎರಡು ಸಲ ಕೇಳಿದರೆ ಅದು ಸರಿಯಾಗುವುದಿಲ್ಲ.

ಇದರಿಂದ ಪುನರುಪಯೋಗವೇ ತಪ್ಪೆಂದು ತೀರ್ಮಾನಿಸಿದರೆ ಅದು ಆತುರವಾಗುತ್ತದೆ. ಹೊಸದಾಗಿ ಬರೆದಿದ್ದರೆ ಹೊಸ ತಪ್ಪುಗಳು ಬರಬಹುದಾಗಿತ್ತು. ತಪ್ಪಿದ್ದು ಬೇರೆಡೆಯಲ್ಲಿ. ಹಿಂದಿನ ಯಶಸ್ಸನ್ನು ಪರೀಕ್ಷೆಗೆ ಬದಲಾಗಿ ಸ್ವೀಕರಿಸಲಾಯಿತು. ಹೊಸ ಪಥದ ಅಂಕಿಗಳನ್ನು ಆ ಘಟಕಕ್ಕೆ ಉಡಾವಣೆಯ ಮುನ್ನ ಉಣಿಸಿ ನೋಡಲಿಲ್ಲ.

೫

ರಾಕೆಟ್ಟಿನ ನಾಶದಿಂದ ಧನನಷ್ಟವಾಯಿತು, ಪ್ರಾಣನಷ್ಟವಾಗಲಿಲ್ಲ. ಥೆರಾಕ್ ೨೫ ಎಂಬ ವಿಕಿರಣ ಚಿಕಿತ್ಸಾಯಂತ್ರದ ವೃತ್ತಾಂತ ಇದಕ್ಕಿಂತ ದಾರುಣವಾದುದು. ಕೆನಡಾದಲ್ಲಿ ತಯಾರಾದ ಈ ಯಂತ್ರದಿಂದ ೧೯೮೫ರ ಜೂನಿನಿಂದ ೧೯೮೭ರ ಜನವರಿಯವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಮಂದಿ ರೋಗಿಗಳು ಮಿತಿಮೀರಿದ ವಿಕಿರಣಕ್ಕೆ ಗುರಿಯಾದರು; ಅದರ ಪರಿಣಾಮವಾಗಿ ಕೆಲವರು ಮೃತರಾದರು. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ ಅವರು ೧೯೯೩ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಇದರ ವಿವರಗಳು ತಿಳಿದುಬಂದಿವೆ.

ಈ ಯಂತ್ರದ ತಂತ್ರಾಂಶದಲ್ಲಿ ಅದಕ್ಕಿಂತ ಹಿಂದಿನ ಮಾದರಿಗಳ ಭಾಗಗಳನ್ನು ಪುನರುಪಯೋಗಿಸಿದ್ದರು. ಹಿಂದಿನ ಥೆರಾಕ್ ೨೦ರಲ್ಲಿ ತಂತ್ರಾಂಶಕ್ಕೆ ಹೊರತಾಗಿ, ಅಪಾಯಕರವಾದ ಜೋಡಣೆಯಲ್ಲಿ ಕಿರಣ ಹೊರಡದಂತೆ ತಡೆಯುವ ಪ್ರತ್ಯೇಕ ಯಾಂತ್ರಿಕ ಮತ್ತು ವಿದ್ಯುತ್ ತಡೆಗಳಿದ್ದುವು. ಹೊಸ ಮಾದರಿಯಲ್ಲಿ ಆ ತಡೆಗಳನ್ನು ಬಿಟ್ಟು, ಆ ಹೊಣೆಯನ್ನು ತಂತ್ರಾಂಶಕ್ಕೇ ವಹಿಸಿದರು. ನಿರ್ವಾಹಕರು ತಾವು ದಾಖಲಿಸಿದ ವಿವರಗಳನ್ನು ಕೆಲವೇ ಸೆಕೆಂಡುಗಳೊಳಗೆ ಶೀಘ್ರವಾಗಿ ತಿದ್ದಿದರೆ ಯಂತ್ರದ ಜೋಡಣೆಗೂ ತೆರೆಯ ಮೇಲಿನ ಬರೆಹಕ್ಕೂ ಹೊಂದಿಕೆ ತಪ್ಪುತ್ತಿತ್ತು. ಅಪಘಾತಗಳ ತರುವಾಯ ಪರಿಶೀಲಿಸಿದಾಗ ಅದೇ ದೋಷ ಹಳೆಯ ಥೆರಾಕ್ ೨೦ರಲ್ಲಿಯೂ ಇದ್ದುದು ಕಂಡಿತು. ಅಲ್ಲಿ ಅದು ಪ್ರಕಟವಾಗುತ್ತಿದ್ದುದು ಫ್ಯೂಸು ಹಾರುವ ರೂಪದಲ್ಲಿ ಮಾತ್ರ. ತಂತ್ರಾಂಶ ನಿರ್ದುಷ್ಟವೆಂಬ ಕೀರ್ತಿಯನ್ನು ಅದಕ್ಕೆ ಗಳಿಸಿಕೊಟ್ಟುದು ವಾಸ್ತವವಾಗಿ ಯಾಂತ್ರಿಕ ತಡೆ. ತಂತ್ರಾಂಶವನ್ನು ಉಳಿಸಿಕೊಂಡು ತಡೆಯನ್ನು ತೆಗೆದಾಗ ಉಪಾಧಿ ಹೋಯಿತು. ಕೀರ್ತಿ ಮಾತ್ರ ಉಳಿಯಿತು. ‘ಬಹುಕಾಲದಿಂದ ಬಳಕೆಯಲ್ಲಿದೆ, ತೊಂದರೆಯಾಗಿಲ್ಲ’ ಎಂಬ ವಾದವನ್ನು ಎಷ್ಟು ಎಚ್ಚರಿಕೆಯಿಂದ ಪರೀಕ್ಷಿಸಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ.

೬

ಇನ್ನು ಪುನರುಪಯೋಗದ ವೆಚ್ಚವನ್ನು ವಿಚಾರಮಾಡೋಣ. ಎರವಲು ತಂದುದಕ್ಕೆ ಬೆಲೆಯಿಲ್ಲವೆಂಬುದು ಸಾಮಾನ್ಯವಾದ ಭ್ರಮೆ. ಫ್ರೆಡ್ರಿಕ್ ಬ್ರೂಕ್ಸ್ ಅವರು ೧೯೭೫ರ ತಮ್ಮ ಗ್ರಂಥದಲ್ಲಿ ಒಂದು ಅಂದಾಜನ್ನು ಕೊಟ್ಟಿದ್ದಾರೆ. ಬರೆದವನೇ ಬಳಸುವ ಕ್ರಮವಿಧಿಯನ್ನು ಇತರರೂ ಬಳಸಬಲ್ಲಂತೆ ಸಾಮಾನ್ಯೀಕರಿಸಿ, ಪರೀಕ್ಷಿಸಿ, ವಿವರಣೆಯೊಡನೆ ಒದಗಿಸಬೇಕಾದರೆ ಮೂರು ಪಟ್ಟು ಶ್ರಮ. ಅದು ಇತರ ಕ್ರಮವಿಧಿಗಳೊಡನೆ ಒಂದು ವ್ಯವಸ್ಥೆಯಲ್ಲಿ ಹೊಂದಿಕೊಳ್ಳಬೇಕಾದರೆ ಇನ್ನೊಂದು ಮೂರು ಪಟ್ಟು. ಎರಡೂ ಆಗಬೇಕಾದರೆ ಒಂಬತ್ತು ಪಟ್ಟು. ಆದಕಾರಣ ಎರಡು ಸಲ ಮಾತ್ರ ಬೇಕಾಗುವ ಭಾಗವನ್ನು ಸಾರ್ವತ್ರಿಕವಾಗಿ ಮಾಡಹೊರಡುವುದು ಅನೇಕ ವೇಳೆ ನಷ್ಟದ ವ್ಯವಹಾರ.

ತೆಗೆದುಕೊಳ್ಳುವವರಿಗೂ ವೆಚ್ಚ ತಪ್ಪಿದ್ದಲ್ಲ. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಡೇವಿಡ್ ಗಾರ್ಲನ್ ಮತ್ತು ಸಂಗಡಿಗರು ನಾಲ್ಕು ಸಿದ್ಧ ಘಟಕಗಳನ್ನು ಜೋಡಿಸಿ ಒಂದು ವ್ಯವಸ್ಥೆಯನ್ನು ಕಟ್ಟಲು ಆರು ತಿಂಗಳು ಸಾಕೆಂದೆಣಿಸಿದ್ದರು. ಸುಮಾರು ಎರಡು ವರ್ಷ ಹಿಡಿಯಿತೆಂದು ೧೯೯೫ರಲ್ಲಿ ವರದಿಮಾಡಿದರು. ಒಂದೊಂದು ಘಟಕವೂ ತನ್ನಷ್ಟಕ್ಕೆ ಚೆನ್ನಾಗಿತ್ತು. ಆದರೆ ಪ್ರತಿಯೊಂದೂ ತಾನೇ ಮನೆಯ ಯಜಮಾನನೆಂದೂ ಉಳಿದವು ತನ್ನ ಅನುಕೂಲಕ್ಕೆ ಕಾಯಬೇಕೆಂದೂ ಭಾವಿಸಿ ರಚಿತವಾಗಿತ್ತು.

ಅವಲಂಬನೆ ಮತ್ತೊಂದು ವೆಚ್ಚ. ೨೦೧೬ರ ಮಾರ್ಚ್ ೨೨ರಂದು ಜಾವಾಸ್ಕ್ರಿಪ್ಟ್ ಭಾಷೆಯ ಸಾರ್ವಜನಿಕ ಭಂಡಾರದಿಂದ ಲೆಫ್ಟ್‌ಪ್ಯಾಡ್ ಎಂಬ ಉಪವಿಧಿಯನ್ನು ಅದರ ಕರ್ತೃ ಹಿಂದಕ್ಕೆ ತೆಗೆದುಕೊಂಡಾಗ ಜಗತ್ತಿನಾದ್ಯಂತ ಅಸಂಖ್ಯಾತ ಯೋಜನೆಗಳ ಕೆಲಸ ಕೆಲಹೊತ್ತು ನಿಂತುಹೋಯಿತು. ಆ ಉಪವಿಧಿಯ ಉದ್ದ ಹನ್ನೊಂದು ಸಾಲು. ಅದರ ಕೆಲಸ ಪದವೊಂದರ ಎಡಕ್ಕೆ ಖಾಲಿ ಜಾಗವನ್ನು ತುಂಬುವುದು. ತಾವು ಅದನ್ನು ಉಪಯೋಗಿಸುತ್ತಿದ್ದೇವೆಂಬುದೇ ಅನೇಕರಿಗೆ ಗೊತ್ತಿರಲಿಲ್ಲ. ಅವರು ತಂದುಕೊಂಡಿದ್ದ ಘಟಕ ತಂದುಕೊಂಡಿದ್ದ ಘಟಕದಲ್ಲಿ ಅದು ಸೇರಿತ್ತು. ೨೦೧೪ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿ ಸಂಗ್ರಹದಲ್ಲಿಯೂ, ೨೦೨೧ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ದಾಖಲೆಯ ಘಟಕದಲ್ಲಿಯೂ ಕಂಡುಬಂದ ದೋಷಗಳು ಇದಕ್ಕಿಂತ ಗಂಭೀರವಾದವು. ಎಲ್ಲರೂ ಒಂದೇ ಬಾವಿಯ ನೀರನ್ನು ಸೇದುವಾಗ ಬಾವಿಯನ್ನು ಶುಚಿಯಾಗಿಡುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಅವು ಎತ್ತಿದುವು. ಬೃಹತ್ ಸಂಸ್ಥೆಗಳು ಆಧರಿಸಿದ್ದ ಓಪನ್‌ಎಸ್‌ಎಸ್‌ಎಲ್‌ನ್ನು ಆಗ ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ. ದೋಷ ಹೊರಬಿದ್ದ ಮೇಲೆಯೇ ಅದಕ್ಕೆ ಧನಸಹಾಯದ ಏರ್ಪಾಡಾಯಿತು.

೭

ಕನ್ನಡದವರಾದ ನಮಗೆ ತೀರ ಹತ್ತಿರದ ನಿದರ್ಶನವೊಂದನ್ನು ಇಲ್ಲಿ ವಿವರಿಸುವುದು ಉಚಿತ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತಮಾಲೆ ಭಾರತೀಯ ಲಿಪಿಗಳ ವಿಷಯದಲ್ಲಿ ೧೯೮೮ರ ಇಸ್ಕಿ ಎಂಬ ಭಾರತೀಯ ಸಂಕೇತಮಾಲೆಯ ವಿನ್ಯಾಸವನ್ನೇ ಅನುಸರಿಸಿತು. ಪ್ರತಿಯೊಂದು ಲಿಪಿಗೂ ೧೨೮ ಸ್ಥಾನಗಳು. ಸಮಾನವಾದ ಅಕ್ಷರಗಳಿಗೆ ಸಮಾನವಾದ ಸ್ಥಾನ. ಕಕಾರದ ಸಂಖ್ಯೆ ದೇವನಾಗರಿಯಲ್ಲಿ ೨೩೨೫, ತೆಲುಗಿನಲ್ಲಿ ೩೦೯೩, ಕನ್ನಡದಲ್ಲಿ ೩೨೨೧. ತೆಲುಗಿನ ಸಂಖ್ಯೆಗೆ ೧೨೮ನ್ನೋ ದೇವನಾಗರಿಯ ಸಂಖ್ಯೆಗೆ ೮೯೬ನ್ನೋ ಕೂಡಿಸಿದರೆ ಬಹುಪಾಲು ಅಕ್ಷರಗಳು ಕನ್ನಡಕ್ಕೆ ಬರುತ್ತವೆ. ಒಂದು ಲಿಪಿಗೆಂದು ಬರೆದ ಕ್ರಮವಿಧಿ ಸ್ವಲ್ಪ ತಿದ್ದುಪಡಿಯಿಂದ ಒಂಬತ್ತು ಲಿಪಿಗಳಿಗೆ ಸಲ್ಲುವಂತಾದುದು ಈ ಸಮಾನತೆಯ ಫಲ. ಅಕ್ಷರಗಳನ್ನು ಜೋಡಿಸಿ ತೋರಿಸುವ ಹಾರ್ಫ್‌ಬಝ್ ಎಂಬ ಒಂದೇ ತಂತ್ರಾಂಶ ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿಯೂ ಇದೆ. ಕನ್ನಡಕ್ಕೆಂದೇ ಪ್ರತಿಯೊಂದು ಯಂತ್ರದಲ್ಲಿಯೂ ಈ ಕೆಲಸವನ್ನು ಬೇರೆ ಬೇರೆಯಾಗಿ ಮಾಡಬೇಕಾಗಿದ್ದಿದ್ದರೆ ನಮ್ಮ ಭಾಷೆ ಇಂದು ಅಷ್ಟೂ ಕಡೆಗಳಲ್ಲಿ ಕಾಣಿಸಿಕೊಳ್ಳುತ್ತಿದ್ದಿತೇ ಎಂಬುದು ಸಂದೇಹ. ಪುನರುಪಯೋಗದಿಂದ ಅಲ್ಪಸಂಪನ್ನ ಭಾಷೆಗಳಿಗೆ ದೊರೆತ ಉಪಕಾರವನ್ನು ಕಡೆಗಣಿಸಬಾರದು.

ಆದರೆ ಮಿತಿಯೂ ಇಲ್ಲಿಯೇ ಉಂಟು. ರಕಾರದ ಮುಂದೆ ವಿರಾಮಚಿಹ್ನೆಯೂ ವ್ಯಂಜನವೂ ಬಂದರೆ ಅದು ಅರ್ಕಾವೊತ್ತಾಗಬೇಕೆಂಬುದು ಸಾಮಾನ್ಯ ನಿಯಮ. ‘ಸೂರ್ಯ’ಕ್ಕೆ ಅದು ಒಪ್ಪುತ್ತದೆ, ‘ರ‍್ಯಾಂಕ್’ ಎಂಬ ಪದದ ಆದಿಯಲ್ಲಿ ಒಪ್ಪುವುದಿಲ್ಲ. ಅಲ್ಲಿ ಕಣ್ಣಿಗೆ ಕಾಣದ ಒಂದು ಸಂಯೋಜಕ ಸಂಕೇತವನ್ನು ಸೇರಿಸಬೇಕಾಗುತ್ತದೆ. ಅದನ್ನು ಕೆಲವರು ಸೇರಿಸಿ ಕೆಲವರು ಬಿಟ್ಟರೆ, ಹುಡುಕುವ ಕ್ರಮವಿಧಿಗೆ ಒಂದೇ ಪದ ಎರಡಾಗುತ್ತದೆ.

ಹಳಗನ್ನಡದ ೞಕಾರದ ಕಥೆ ಇದಕ್ಕಿಂತ ಬೋಧಪ್ರದವಾದುದು. ಕೇಶಿರಾಜನು ಪ್ರತ್ಯೇಕವಾಗಿ ವಿವೇಚಿಸಿರುವ ಈ ಅಕ್ಷರಕ್ಕೆ ಸಮನಾದುದು ತಮಿಳಿನಲ್ಲಿ ೨೯೯೬ನೆಯ, ಮಲಯಾಳದಲ್ಲಿ ೩೩೮೦ನೆಯ ಸ್ಥಾನದಲ್ಲಿದೆ. ಆ ಲೆಕ್ಕದಂತೆ ಕನ್ನಡದಲ್ಲಿ ೩೨೫೨ನೆಯ ಸ್ಥಾನದಲ್ಲಿರಬೇಕಾಗಿತ್ತು. ಆ ಸ್ಥಾನ ಖಾಲಿಯಿದೆ, ೞಕಾರವಿರುವುದು ೩೨೯೪ರಲ್ಲಿ. ಅಲ್ಲಿ ಅದಕ್ಕೆ ಸಂಕೇತಮಾಲೆ ಕೊಟ್ಟಿರುವ ಅಧಿಕೃತ ನಾಮ ಇಂಗ್ಲಿಷಿನ ಎಫ್ ಧ್ವನಿಯ ‘ಫ’! ದೇವನಾಗರಿಯಲ್ಲಿ ಇದಕ್ಕೆ ಸಮಾನವಾದ ೨೩೯೮ನೆಯ ಸ್ಥಾನದಲ್ಲಿ ಚುಕ್ಕೆಯಿಟ್ಟ ಫಕಾರ ಇರುವುದನ್ನು ನೋಡಿದರೆ, ಸಿದ್ಧವಿನ್ಯಾಸದಿಂದ ಹೆಸರೂ ಇಳಿದುಬಂದಿರಬಹುದೆಂದು ಊಹಿಸಬಹುದು. ಇದು ತಪ್ಪೆಂಬುದನ್ನು ಯೂನಿಕೋಡ್ ಸಂಸ್ಥೆ ತನ್ನ ಪಟ್ಟಿಯಲ್ಲಿಯೇ ಒಪ್ಪಿಕೊಂಡು ಸರಿಯಾದ ಉಪನಾಮವನ್ನು ಸೇರಿಸಿದೆ. ಮೂಲನಾಮವನ್ನು ಮಾತ್ರ ತಿದ್ದುವಂತಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಅಲ್ಲಿನ ನಿಯಮ. ಆ ನಿಯಮ ಹಠದಿಂದ ಬಂದುದಲ್ಲ. ಅಸಂಖ್ಯಾತ ಕ್ರಮವಿಧಿಗಳು ಆ ಹೆಸರುಗಳನ್ನು ನಂಬಿಕೊಂಡಿವೆ. ಒಂದನ್ನು ತಿದ್ದಿದರೆ ಎಲ್ಲಿ ಏನು ಮುರಿಯುವುದೋ ತಿಳಿಯದು. ಜಾವಾ ಭಂಡಾರದಲ್ಲಿ ಒಂದೆಡೆ ತಿದ್ದಿದರೆ ಎಲ್ಲೆಡೆ ಶುದ್ಧಿಯಾಗುತ್ತದೆಂದು ಮೇಲೆ ಹೇಳಿದೆ. ಅದು ಒಳರಚನೆಯ ದೋಷಕ್ಕೆ ಮಾತ್ರ ಸಲ್ಲುವ ಮಾತು. ಹೆಸರು, ರೂಪ, ಒಡಂಬಡಿಕೆಗಳ ದೋಷಕ್ಕೆ ಇದರ ವಿಪರ್ಯಯವೇ ಸತ್ಯ: ಬಳಸುವವರು ಹೆಚ್ಚಿದಷ್ಟೂ ತಿದ್ದುವ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಹಂಚಿಕೊಳ್ಳುವ ವಿನ್ಯಾಸಗಳು ರೂಪುಗೊಳ್ಳುವ ಕಾಲದಲ್ಲಿಯೇ ಆಯಾ ಭಾಷೆಯ ವಿದ್ವಾಂಸರು ಅಲ್ಲಿರಬೇಕೆಂಬುದಕ್ಕೆ ಇದೇ ಕಾರಣ.

೮

ಮೇಲ್ಕಂಡ ವಿವೇಚನೆಯಿಂದ ಕೆಲವು ನಿಯಮಗಳು ಸಿದ್ಧವಾಗುತ್ತವೆ. ಒಳರಚನೆಯನ್ನು ಮರೆಮಾಡಿ, ಹೊರಗಿನ ಒಡಂಬಡಿಕೆಯನ್ನು ಮಾತ್ರ ತೋರಿಸಬೇಕೆಂದು ಡೇವಿಡ್ ಪಾರ್ನಸ್ ೧೯೭೨ರಲ್ಲಿಯೇ ಉಪದೇಶಿಸಿದರು. ಆ ಒಡಂಬಡಿಕೆಯಲ್ಲಿ ಉಪಾಧಿಗಳೂ ಸೇರಿರಬೇಕು. ಸಾಧ್ಯವಾದೆಡೆ ಕ್ರಮವಿಧಿಯೇ ಅವುಗಳನ್ನು ಪರೀಕ್ಷಿಸುವಂತಿರಬೇಕು. ಏರಿಯಾನ್ ದುರಂತವನ್ನು ವಿಶ್ಲೇಷಿಸಿದ ಜೆಜೆಕೆಲ್ ಮತ್ತು ಮೇಯರ್ ಅವರು ೧೯೯೭ರಲ್ಲಿ ಒತ್ತಿ ಹೇಳಿದ್ದು ಇದನ್ನೇ. ಎರವಲು ತಂದ ಭಾಗವನ್ನು ಹೊಸ ಸನ್ನಿವೇಶದ ದತ್ತಾಂಶದಿಂದಲೇ ಮತ್ತೆ ಪರೀಕ್ಷಿಸಬೇಕು. ಬೇಡವಾದ ಭಾಗವನ್ನು ಉಳಿಸಿಕೊಳ್ಳಬಾರದು. ಯಾವ ಯಾವ ಘಟಕಗಳನ್ನು, ಯಾವ ಆವೃತ್ತಿಯಲ್ಲಿ ಅವಲಂಬಿಸಿದೆಯೆಂಬ ಪಟ್ಟಿಯನ್ನು ಇಟ್ಟುಕೊಳ್ಳಬೇಕು. ಹನ್ನೊಂದು ಸಾಲಿನ ಕೆಲಸಕ್ಕೆ ಅಪರಿಚಿತರನ್ನು ಅವಲಂಬಿಸುವುದೂ, ಗುಪ್ತಲಿಪಿಯಂಥ ಗಹನವಾದ ವಿಷಯದಲ್ಲಿ ತಾನೇ ಹೊಸದಾಗಿ ಬರೆಯಹೊರಡುವುದೂ ಸಮಾನವಾಗಿ ಅವಿವೇಕ.

ಈಚೆಗೆ ಪುನರುಪಯೋಗದ ಹೊಸ ಬಗೆಯೊಂದು ಬಂದಿದೆ. ಹಿಂದೆ ಬರೆದ ಅಪಾರವಾದ ಕ್ರಮವಿಧಿಗಳಿಂದ ತರಬೇತು ಪಡೆದ ಭಾಷಾಮಾದರಿಗಳು, ಕೇಳಿದೊಡನೆ ಕ್ರಮವಿಧಿಯನ್ನು ಬರೆದುಕೊಡುತ್ತವೆ. ಇವುಗಳ ಪ್ರಯೋಜನ ನಿಜವಾದುದೇ. ಆದರೆ ಬೀರುವಿನಿಂದ ತೆಗೆದ ಪಟ್ಟಿಗೆ ಕರ್ತೃವಿನ ಹೆಸರು, ವಿವರಣೆ, ತಿದ್ದುಪಡಿಯ ಇತಿಹಾಸ ಇರುತ್ತಿದ್ದುವು. ಇಲ್ಲಿ ಅವು ಯಾವುವೂ ಜೊತೆಯಲ್ಲಿ ಬರುವುದಿಲ್ಲ. ಉಪಾಧಿಗಳನ್ನು ಹುಡುಕುವ ಭಾರವೆಲ್ಲ ಪಡೆದವನ ಮೇಲೆಯೇ ಬೀಳುತ್ತದೆ.

ನಮ್ಮ ಕಾಲೇಜುಗಳಲ್ಲಿ ಕ್ರಮವಿಧಿಯನ್ನು ಬರೆಯುವುದನ್ನು ಕಲಿಸುತ್ತೇವೆ. ಇತರರು ಬರೆದುದನ್ನು ಓದಿ ಪರೀಕ್ಷಿಸುವುದನ್ನು ಅಷ್ಟಾಗಿ ಕಲಿಸುವುದಿಲ್ಲ. ವಿದ್ಯಾರ್ಥಿಗಳು ಉದ್ಯೋಗದಲ್ಲಿ ಮಾಡಬೇಕಾಗುವುದು ಬಹುಪಾಲು ಎರಡನೆಯದನ್ನೇ. ಭಂಡಾರದ ಒಂದು ಚಿಕ್ಕ ಉಪವಿಧಿಯನ್ನು ಕೊಟ್ಟು, ‘ಇದು ಯಾವ ದತ್ತಾಂಶಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ, ಅದನ್ನು ನೀನು ಹೇಗೆ ತಿಳಿದೆ?’ ಎಂದು ಕೇಳುವ ಪ್ರಶ್ನೆಯೊಂದನ್ನು ಪ್ರತಿಯೊಂದು ಪ್ರಯೋಗಪಾಠದಲ್ಲಿಯೂ ಸೇರಿಸಿದರೆ, ಈ ವಿದ್ಯೆಯ ಬೋಧನೆಯಲ್ಲಿ ಈಗಿರುವ ಒಂದು ದೊಡ್ಡ ಕೊರತೆ ನೀಗುವುದೆಂದು ಭಾವಿಸಬಹುದು.